ಐಡಿಯಾ ಇದೆ ಸಾರ್, ಯಾರಿಗೆ ಕೊಡಲಿ?

2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆಗಳಲ್ಲಿ 300ರಿಂದ 400 ಡ್ರೋನ್ ಹಾರಿಸಿತು ಅಂತ ಮರುದಿನ ನಮ್ಮ ಸರ್ಕಾರ ಹೇಳಿತು. ಆ ಸುದ್ದಿ ಓದಿದ ಮೇಲೆ ಒಂದು ವಾರ ನನಗೆ ಬಂದ ಮೆಸೇಜುಗಳಲ್ಲಿ ಅರ್ಧ ಬೈಗುಳ, ಅರ್ಧ ಐಡಿಯಾ. ಬೈಗುಳ ಬಿಡಿ, ಅದು ನಮ್ಮ ಕೆಲಸದ ಜೊತೆ ಬರುವ ಭತ್ಯೆ. ಐಡಿಯಾಗಳ ಕಥೆ ಬೇರೆ. ಮೀನಿನ ಬಲೆಯನ್ನು ಇನ್ನೊಂದು ಡ್ರೋನ್‌ನಿಂದ ಬೀಸಿ ಹಿಡಿಯುವುದು, ಗಾಳಿಪಟದ ಮಾಂಜಾ ದಾರವನ್ನು ಆಕಾಶದಲ್ಲಿ ಅಡ್ಡ ಕಟ್ಟುವುದು, ಹದ್ದು ಸಾಕುವುದು, ಡ್ರೋನ್‌ಗೇ ಸುಳ್ಳು ಸಿಗ್ನಲ್ ಕೊಟ್ಟು ವಾಪಸ್ ಕಳಿಸುವುದು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮೆಷಿನ್ ನಡೆಸುವ ಒಬ್ಬರು ಅಳತೆ ಸಮೇತ ಪೆನ್ಸಿಲ್ ಡ್ರಾಯಿಂಗ್ ಕಳಿಸಿದ್ದರು. ಎಲ್ಲ ಮೆಸೇಜುಗಳ ಕೊನೆಯ ಸಾಲು ಮಾತ್ರ ಒಂದೇ: ಇದನ್ನು ಯಾರಿಗೆ ಕೊಡಲಿ ಸಾರ್?

ಸಣ್ಣ ಪ್ರಶ್ನೆಯಂತೆ ಕಾಣುತ್ತೆ. ಆದರೆ ನೂರು ವರ್ಷದಿಂದ ದೊಡ್ಡ ದೊಡ್ಡ ಸರ್ಕಾರಗಳೇ ಇದಕ್ಕೆ ಉತ್ತರ ಹುಡುಕಿ ಸುಸ್ತಾಗಿವೆ.

1915ನೇ ಇಸವಿ. ಯುರೋಪಿನಲ್ಲಿ ಮೊದಲನೇ ಮಹಾಯುದ್ಧ. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಆದರೆ ಅವರ ನೌಕಾಪಡೆ ಒಂದು ಸಲಹಾ ಮಂಡಳಿ ಮಾಡಿತು. ಅದರ ಮುಖ್ಯಸ್ಥ ಯಾರು ಗೊತ್ತಾ? ಬಲ್ಬಿನ ಎಡಿಸನ್. ದೇಶದ ಜನರೇ, ನಿಮ್ಮ ತಲೆಯಲ್ಲಿ ಏನಿದೆಯೋ ಬರೆದು ಕಳಿಸಿ ಅಂದರು. ಜನ ಕಳಿಸಿದರು. ಸುಮಾರು 1,10,000 ಸಲಹೆಗಳು ಬಂದವು. ವಿವರವಾಗಿ ನೋಡೋಣ ಅನ್ನಿಸುವಂಥವು 110. ಕೊನೆಗೆ ತಯಾರಿಕೆಯ ಹಂತಕ್ಕೆ ಹೋಗಿದ್ದು ಒಂದೇ ಒಂದು, ಪೈಲಟ್‌ಗಳ ತರಬೇತಿಗೆ ಕೂತವನನ್ನು ಎಲ್ಲ ದಿಕ್ಕಿಗೂ ತಿರುಗಿಸುವ ಒಂದು ಯಂತ್ರ. ಲಕ್ಷಕ್ಕೆ ಒಂದು! ನಮ್ಮ ಲಾಟರಿ ಟಿಕೆಟ್ ಕಾಲದಲ್ಲೂ ಇದಕ್ಕಿಂತ ಹೆಚ್ಚು ಜನಕ್ಕೆ ಬಹುಮಾನ ಬರ್ತಿತ್ತು.

ಅದೇ ವರ್ಷ ಬ್ರಿಟನ್ನಿನಲ್ಲೂ ಇಂಥದ್ದೇ ಒಂದು ಮಂಡಳಿ ಶುರುವಾಯಿತು. ಜರ್ಮನಿಯ ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚಲು ಸರ್ಕಸ್‌ನ ಕಡಲಸಿಂಹಗಳಿಗೆ ತರಬೇತಿ ಕೊಡಿಸಿ ನೋಡಿದರು. ನಾನು ತಮಾಷೆ ಮಾಡ್ತಿಲ್ಲ, ದಾಖಲೆಯಲ್ಲಿದೆ. ಈಜುಕೊಳದಲ್ಲಿ ಜಾಣತನ ತೋರಿಸಿದ ಪ್ರಾಣಿಗಳು ಸಮುದ್ರಕ್ಕಿಳಿದ ಮೇಲೆ ಮೀನು ಕಂಡ ಕಡೆ ಹೋದವು. ಅವುಗಳದ್ದೇನು ತಪ್ಪು.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕ ಮತ್ತೆ ಪ್ರಯತ್ನಿಸಿತು. 1940ರಲ್ಲಿ ರಾಷ್ಟ್ರೀಯ ಸಂಶೋಧಕರ ಮಂಡಳಿ. ಈ ಸಲ ಬಂದ ಸಲಹೆಗಳು ಎರಡು ಲಕ್ಷಕ್ಕೂ ಹೆಚ್ಚು, ಕಾರ್ಖಾನೆ ಮುಟ್ಟಿದ್ದು ನೂರರ ಆಸುಪಾಸು. ಹಿಂದಿನದಕ್ಕಿಂತ ವಾಸಿ. ಆ ಮಂಡಳಿಯ ಮೇಜಿಗೆ ಬಂದ ಒಂದು ಐಡಿಯಾ ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಅವರದ್ದು. ರೇಡಿಯೋದಿಂದ ನಡೆಸುವ ಟಾರ್ಪಿಡೋವನ್ನು ಶತ್ರು ಅದೇ ತರಂಗದಲ್ಲಿ ಗಲಾಟೆ ಎಬ್ಬಿಸಿ ದಾರಿ ತಪ್ಪಿಸಬಹುದು. ಹಾಗಾದರೆ ತರಂಗವನ್ನೇ ಕ್ಷಣಕ್ಷಣಕ್ಕೂ ಬದಲಾಯಿಸುತ್ತಾ ಹೋಗೋಣ, ಕಳಿಸುವವನಿಗೂ ಟಾರ್ಪಿಡೋಗೂ ಮಾತ್ರ ಆ ಕ್ರಮ ಗೊತ್ತಿರಲಿ ಅಂದರು. ಪಿಯಾನೋದಲ್ಲಿ 88 ಕೀಲಿಗಳಿರುತ್ತವಲ್ಲ, ಇವರ ಯೋಜನೆಯಲ್ಲೂ 88 ತರಂಗಗಳು. 1942ರ ಆಗಸ್ಟ್‌ನಲ್ಲಿ ಪೇಟೆಂಟ್ ಸಿಕ್ಕಿತು. ನೌಕಾಪಡೆ ಫೈಲ್ ಒಳಗಿಟ್ಟಿತು. ಹೆಡಿ ಲಮಾರ್ ಅವರನ್ನು ಯುದ್ಧದ ಬಾಂಡ್ ಮಾರೋಕೆ ಉಪಯೋಗಿಸಿಕೊಂಡರು, ಐಡಿಯಾಗೆ ಒಂದು ಡಾಲರ್ ಕೊಡಲಿಲ್ಲ. ಇವತ್ತು ಜ್ಯಾಮರ್‌ಗೆ ಬಗ್ಗದೆ ಹಾರುವ ಡ್ರೋನ್‌ಗಳ ಒಳಗೆ ಇರುವುದು ಇದೇ ತತ್ವ, ತರಂಗದಿಂದ ತರಂಗಕ್ಕೆ ಜಿಗಿಯುವುದು.

ಹಾಗಾದರೆ ಲಕ್ಷ ಜನರಲ್ಲಿ ಒಬ್ಬರಿಗೆ ಮಾತ್ರ ಬುದ್ಧಿ ಇರುತ್ತಾ? ನಾನು ಮೈಸೂರಿನಲ್ಲೇ ಇಂಜಿನಿಯರಿಂಗ್ ಓದಿದವನು, ನನಗೆ ಹಾಗನ್ನಿಸಲ್ಲ. ತೊಡಕು ಬೇರೆ ಕಡೆ ಇದೆ. ಒಂದು ಯಂತ್ರ ಮಾಡಬೇಕಾದರೆ ಮೊದಲು ಬೇಕಾಗುವುದು ಐಡಿಯಾ ಅಲ್ಲ, ಲೆಕ್ಕ. ಎಷ್ಟು ತೂಕ ಮೀರಬಾರದು, ಎಷ್ಟು ಚಳಿಗೆ ನಿಲ್ಲಬೇಕು, ಎಷ್ಟು ಸೆಕೆಂಡಿನಲ್ಲಿ ಕೆಲಸ ಮುಗಿಯಬೇಕು, ಹೊರುವವನು ಒಬ್ಬನೋ ಇಬ್ಬರೋ. ಯುದ್ಧಕಾಲದಲ್ಲಿ ಸರ್ಕಾರ ಇದನ್ನು ಹೊರಗೆ ಹೇಳಲ್ಲ, ಯಾಕಂದ್ರೆ ನಮ್ಮ ಕೊರತೆ ಏನು ಅಂತ ಹೇಳಿದರೆ ಶತ್ರುವಿಗೂ ಹೇಳಿದಂತೆ. ಜನರಿಗೆ ಸಮಸ್ಯೆಯೇ ಗೊತ್ತಿಲ್ಲ, ಪರಿಹಾರ ಮಾತ್ರ ಕಳಿಸಿ ಅಂದರೆ ಏನಾಗುತ್ತೆ? ಒಂದೇ ಐಡಿಯಾ ಸಾವಿರ ಸಲ ಬರುತ್ತೆ. ಓದುವ ಅಧಿಕಾರಿಗೆ ಬೇಸರ ಬರುತ್ತೆ. ಸಾವಿರದೊಂದನೆಯದು ಹೆಡಿ ಲಮಾರ್‌ದ್ದಾಗಿದ್ದರೂ ಅದೂ ಅದೇ ಬುಟ್ಟಿಗೆ ಬೀಳುತ್ತೆ.

ಈಗ ನಮ್ಮ ಊರಿಗೆ ಬರೋಣ. ಬರುವ ದಾರಿ ಸ್ವಲ್ಪ ಸುತ್ತು.

ಸರ್ ಎ. ರಾಮಸ್ವಾಮಿ ಮೊದಲಿಯಾರ್ ಅನ್ನುವ ಹೆಸರು ಮೈಸೂರಿನ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತೆ. 1946ರಿಂದ 1949ರವರೆಗೆ ಮೈಸೂರು ಸಂಸ್ಥಾನದ ದಿವಾನರು. 1947ರ ಮೈಸೂರು ಚಲೋ ಚಳವಳಿಯಲ್ಲಿ ಬೀದಿ ಬೀದಿಯಲ್ಲಿ 'ಆರ್ಕಾಟ್ ಬಾಯ್ಕಾಟ್' ಅಂತ ಘೋಷಣೆ ಕೂಗಿದ್ದು ಇವರ ವಿರುದ್ಧವೇ. ಜವಾಬ್ದಾರಿ ಸರ್ಕಾರ ಬೇಕು ಅಂತ ಜನ ಕೇಳಿದಾಗ ಎದುರು ನಿಂತವರು ಅಂತ ನಾವು ಇವರನ್ನು ನೆನೆಯುತ್ತೇವೆ. ಅದು ಸರಿ. ಆದರೆ ಏಳು ವರ್ಷ ಹಿಂದೆ ಇದೇ ಮನುಷ್ಯ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ವಾಣಿಜ್ಯ ಸದಸ್ಯರಾಗಿದ್ದಾಗ ಮಾಡಿದ ಕೆಲಸ ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣಲ್ಲ.

1940. ಯುದ್ಧದಿಂದ ಹಡಗು ಸಂಚಾರ ಏರುಪೇರು. ಜರ್ಮನಿಯಿಂದ ಬರುತ್ತಿದ್ದ ಬಣ್ಣ, ರಾಸಾಯನಿಕಗಳು ನಿಂತವು. ಇತ್ತ ಭಾರತದ ಸೇನೆಗೆ ಸಮವಸ್ತ್ರ, ಎಣ್ಣೆ, ಔಷಧ ಎಲ್ಲವೂ ಬೇಕು. ಆ ವರ್ಷ ಏಪ್ರಿಲ್ 1ರಂದು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಶುರುವಾಯಿತು. ಅಧ್ಯಕ್ಷರು ಮೊದಲಿಯಾರ್. ನಿರ್ದೇಶಕರು ಲಾಹೋರಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಶಾಂತಿಸ್ವರೂಪ್ ಭಟ್ನಾಗರ್. ವರ್ಷಕ್ಕೆ ಐದು ಲಕ್ಷ ರೂಪಾಯಿ, ಕಲ್ಕತ್ತಾದ ಆಲಿಪುರದಲ್ಲಿ ಪ್ರಯೋಗಾಲಯ.

ಭಟ್ನಾಗರ್ ಅವರ ಹಿಂದಿನ ಕಥೆ ಒಂದನ್ನು ಹೇಳಲೇಬೇಕು. ರಾವಲ್ಪಿಂಡಿ ಹತ್ತಿರ ಒಂದು ಕಂಪನಿ ಎಣ್ಣೆಗಾಗಿ ಬಾವಿ ಕೊರೆಯುತ್ತಿತ್ತು. ಕೊರೆಯುವಾಗ ಹಾಕುವ ಕೆಸರು ಭೂಮಿಯೊಳಗಿನ ಉಪ್ಪು ತಾಗಿದ ಕೂಡಲೇ ಗಟ್ಟಿಯಾಗಿ ಕೆಲಸವೇ ನಿಂತುಹೋಗುತ್ತಿತ್ತು. ಅವರು ಭಟ್ನಾಗರ್ ಹತ್ತಿರ ಹೋದರು. ಇವರು ನಮ್ಮಲ್ಲೇ ಸಿಗುವ ಒಂದು ಬಗೆಯ ಮರದ ಅಂಟನ್ನು ಆ ಕೆಸರಿಗೆ ಸೇರಿಸಿ ತೆಳ್ಳಗೆ ಉಳಿಯುವಂತೆ ಮಾಡಿದರು. ಖುಷಿಯಾದ ಕಂಪನಿ ಒಂದೂವರೆ ಲಕ್ಷ ರೂಪಾಯಿ ಕೊಡಲು ಬಂತು, ಇವರು ಅದನ್ನು ವಿಶ್ವವಿದ್ಯಾಲಯದ ಸಂಶೋಧನೆಗೆ ಬರೆಸಿದರು. ಇಲ್ಲಿ ಗಮನಿಸಿ. ಭಟ್ನಾಗರ್ ತಮ್ಮ ಐಡಿಯಾ ಹಿಡಿದುಕೊಂಡು ಕಂಪನಿ ಬಾಗಿಲು ತಟ್ಟಲಿಲ್ಲ. ಕಂಪನಿ ತನ್ನ ಸಮಸ್ಯೆ ಹೊತ್ತುಕೊಂಡು ಅವರ ಬಾಗಿಲಿಗೆ ಬಂತು.

ಹೊಸ ಮಂಡಳಿ ನಡೆದದ್ದೂ ಹೀಗೆಯೇ. ಊರಿನ ಮೂಲೆಯಲ್ಲಿ ಸಲಹಾ ಪೆಟ್ಟಿಗೆ ಇಟ್ಟು ಕೂರಲಿಲ್ಲ. ಇಂಥದ್ದು ಬೇಕಾಗಿದೆ ಅಂತ ಹೇಳಿ, ದುಡ್ಡು ಕೊಟ್ಟು ಮಾಡಿಸಿತು. ಎರಡು ವರ್ಷದೊಳಗೆ ಬಲೂಚಿಸ್ತಾನದ ಗಂಧಕವನ್ನು ಶುದ್ಧ ಮಾಡುವ ವಿಧಾನ, ವಿಷಾನಿಲ ತಡೆಯುವ ಬಟ್ಟೆ, ಸಸ್ಯತೈಲ ಬೆರೆಸಿದ ಯಂತ್ರದ ಎಣ್ಣೆ, ಸೈನಿಕರ ಬೂಟು ಮತ್ತು ಮದ್ದುಗುಂಡು ತುಂಬುವ ಪ್ಲಾಸ್ಟಿಕ್ ಪೆಟ್ಟಿಗೆ, ಸಮವಸ್ತ್ರದ ಬಣ್ಣ, ವಿಟಮಿನ್. ಒಂದೂ ಸಿನಿಮಾದಲ್ಲಿ ತೋರಿಸುವಂಥ ಆಯುಧ ಅಲ್ಲ. ಎಲ್ಲವೂ ಬೇಕಾಗಿದ್ದವು.

ಇನ್ನೊಂದು ಜಾಣತನ ಮಾಡಿದರು. ಪ್ರಯೋಗಾಲಯದಲ್ಲಿ ಆಗಿದ್ದು ಕಾರ್ಖಾನೆಗೆ ಹೋಗಬೇಕಲ್ಲ? 1941ರಲ್ಲಿ ಅದಕ್ಕೇ ಒಂದು ಪ್ರತ್ಯೇಕ ಸಮಿತಿ ಮಾಡಿ, ಕಾರ್ಖಾನೆಗಳು ಕೊಡುವ ರಾಯಲ್ಟಿ ಹಣ ಮತ್ತೆ ಸಂಶೋಧನೆಗೇ ಬರುವಂತೆ ಏರ್ಪಾಡು ಮಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಮೊದಲಿಯಾರ್ ಅವರ ಒತ್ತಾಯಕ್ಕೆ ಶಾಸನಸಭೆ ಒಪ್ಪಿ, ವರ್ಷಕ್ಕೆ ಹತ್ತು ಲಕ್ಷದಂತೆ ಐದು ವರ್ಷದ ನಿಧಿ ಸಿಕ್ಕಿತು. 1942ರ ಸೆಪ್ಟೆಂಬರ್ 26ರಂದು ಇದೆಲ್ಲ ಸೇರಿ ಸಿಎಸ್‌ಐಆರ್ ಆಯಿತು. ಇವತ್ತು ದೇಶದ ತುಂಬ ಪ್ರಯೋಗಾಲಯ ನಡೆಸುವ ಸಂಸ್ಥೆ ಹುಟ್ಟಿದ್ದು ಹಿಟ್ಲರ್ ಕಾಲದ ಅಭಾವದಿಂದ.

ಅದರ ಎರಡು ಫಲಗಳು ಮೈಸೂರಿನಲ್ಲಿವೆ. ಒಂದನ್ನು ದಿನಾ ನೋಡ್ತೀರಿ, ಇನ್ನೊಂದನ್ನು ಬೆರಳಿಗೆ ಹಾಕಿಸಿಕೊಳ್ತೀರಿ. ಚೆಲುವಾಂಬ ಮಹಲಿನಲ್ಲಿ 1950ರ ಅಕ್ಟೋಬರ್ 21ರಂದು ಶುರುವಾದ ಸಿಎಫ್‌ಟಿಆರ್‌ಐ ಸಿಎಸ್‌ಐಆರ್‌ನ ಕೂಸು. ಎರಡನೆಯದು ಮತದಾನದ ಶಾಯಿ. ಅದನ್ನು ರೂಪಿಸಿದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅದೂ ಸಿಎಸ್‌ಐಆರ್‌ನದ್ದೇ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ ಬೆಳಕು ಬಿದ್ದಾಗ ಕಪ್ಪಾಗುತ್ತೆ, ಸೋಪಿಗೆ ಬಗ್ಗಲ್ಲ. ಇಂಥ ಸರ್ಕಾರಿ ಆವಿಷ್ಕಾರಗಳನ್ನು ಕಾರ್ಖಾನೆಗಳಿಗೆ ದಾಟಿಸಲೆಂದೇ 1953ರಲ್ಲಿ ಎನ್‌ಆರ್‌ಡಿಸಿ ಅನ್ನುವ ನಿಗಮ ಮಾಡಿದ್ದರು. ಅದು ಲೈಸೆನ್ಸ್ ಕೊಟ್ಟಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಸ್ಥಾಪಿಸಿದ್ದ ನಮ್ಮ ಅರಗು ಮತ್ತು ಬಣ್ಣದ ಕಾರ್ಖಾನೆಗೆ, ಈಗಿನ ಮೈಸೂರು ಪೇಂಟ್ಸ್‌ಗೆ. 1962ರ ಮಹಾಚುನಾವಣೆಯಿಂದ ದೇಶದ ಪ್ರತಿ ಮತದಾರನ ಬೆರಳಿಗೆ ಇಲ್ಲಿಂದಲೇ ಶಾಯಿ. ಸಮಸ್ಯೆ ಹೇಳುವವರು, ಪರಿಹಾರ ಹುಡುಕುವವರು, ದಾಟಿಸುವವರು, ತಯಾರಿಸುವವರು, ಕೊಳ್ಳುವವರು. ಕೊಂಡಿ ಒಂದೂ ಕಳಚಿಲ್ಲ.

ಸೇನೆಯ ವಿಷಯಕ್ಕೆ ಬಂದರೆ, ಸಿದ್ಧಾರ್ಥನಗರದಲ್ಲಿ ಡಿಎಫ್‌ಆರ್‌ಎಲ್ ಶುರುವಾದದ್ದು 1961ರ ಡಿಸೆಂಬರ್‌ನಲ್ಲಿ. ಹತ್ತು ತಿಂಗಳಿಗೆ ಚೀನಾ ಯುದ್ಧ. ಹಿಮದಲ್ಲಿ ನಿಂತ ಸೈನಿಕನಿಗೆ ಬೇಕಾಗಿದ್ದು ನಮ್ಮ ನಿಮ್ಮ ಮನೆಯ ಊಟವೇ, ಆದರೆ ಅದು ಕೆಡಬಾರದು. ಚಪಾತಿಯನ್ನೇ ತಗೊಳ್ಳಿ. ಮೂರನೇ ದಿನಕ್ಕೆ ಬೂಷ್ಟು ಬರುತ್ತೆ ಅಂತ ಎಲ್ಲ ಮನೆಯವರಿಗೂ ಗೊತ್ತು. ಅದನ್ನು ತಿಂಗಳುಗಟ್ಟಲೆ ಮೆತ್ತಗೆ ಇಡಬೇಕು. ಪಲಾವು, ಹಲ್ವಾ ಥರದ್ದಕ್ಕೆ ಇನ್ನೊಂದು ದಾರಿ: ಹಲವು ಪದರದ ಪೊಟ್ಟಣದಲ್ಲಿ ತುಂಬಿ, ಗಾಳಿ ಹೋಗದಂತೆ ಮುಚ್ಚಿ, ಆಮೇಲೆ ದೊಡ್ಡ ಕುಕ್ಕರ್‌ನಂಥ ಯಂತ್ರದಲ್ಲಿ ಒತ್ತಡದ ಹಬೆಯಲ್ಲಿ 120 ಡಿಗ್ರಿ ಆಸುಪಾಸಿನಲ್ಲಿ ಬೇಯಿಸುವುದು. ಫ್ರಿಜ್ ಬೇಡ, ಒಲೆ ಬೇಡ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಜೊತೆಗೆ ಹೋದದ್ದು ಮೈಸೂರಿನ ಊಟ. ಈಗ ಅಂಗಡಿಯಲ್ಲಿ ಬಿಸಿ ಮಾಡಿ ತಿನ್ನುವ ಪೊಟ್ಟಣ ಕೊಳ್ಳುವಾಗ ಇದು ನಿಮಗೆ ನೆನಪಾಗಲಿ ಅಂತ ನಾನು ಒತ್ತಾಯ ಮಾಡಲ್ಲ.

ಇಷ್ಟು ಹೇಳಿ ಟಿಪ್ಪು ರಾಕೆಟ್ ಬಿಟ್ಟರೆ ಶ್ರೀರಂಗಪಟ್ಟಣದವರು ನನ್ನನ್ನು ಸೇತುವೆ ದಾಟೋಕೆ ಬಿಡಲ್ಲ. ಕಬ್ಬಿಣದ ಕೊಳವೆಯ ರಾಕೆಟ್ ನಮ್ಮದು, ಹೆಮ್ಮೆ ಇರಲಿ. 1799ರ ನಂತರ ಬ್ರಿಟಿಷರು ಇಲ್ಲಿ ಸಿಕ್ಕಿದ ರಾಕೆಟ್‌ಗಳನ್ನು ಲಂಡನ್ ಹತ್ತಿರದ ವೂಲಿಚ್‌ಗೆ ಸಾಗಿಸಿದರು. ವಿಲಿಯಂ ಕಾಂಗ್ರೀವ್ ಅವುಗಳ ಆಧಾರದ ಮೇಲೆ ತನ್ನದನ್ನು ಮಾಡಿದ, 1806ಕ್ಕೆ ಫ್ರಾನ್ಸಿನ ಬುಲೋನ್ ಬಂದರಿನ ಮೇಲೆ ಅವು ಹಾರಿದವು. ಆರೇಳು ವರ್ಷ! ತಂದು ಪರೀಕ್ಷೆ ಮಾಡೋಕೆ ಜಾಗ, ಸುರಿಯೋಕೆ ದುಡ್ಡು, ಕೊಳ್ಳೋಕೆ ನೌಕಾಪಡೆ ಮೂರೂ ಅವರ ಹತ್ತಿರ ಇತ್ತು.

ನಮ್ಮ ಕಾಲದಲ್ಲೂ ಒಂದು ಸಲ ಹಾಗೆ ಆಗಿದ್ದನ್ನು ನಾನು ಸುದ್ದಿಮನೆಯಲ್ಲಿ ಕೂತು ನೋಡಿದ್ದೇನೆ. 2020, ಕೊರೊನಾ. ಗುಂಡು ಹಾರಲಿಲ್ಲ, ಆದರೆ ಎಲ್ಲರೂ ಯುದ್ಧ ಅಂದರು. ಆಗಲೂ ಸರ್ಕಾರಕ್ಕೆ ಐಡಿಯಾಗಳ ಮಳೆ. ಕಾಲಲ್ಲಿ ತುಳಿಯುವ ಸ್ಯಾನಿಟೈಸರ್‌ನಿಂದ ಹಿಡಿದು ರೋಬೋಟ್‌ವರೆಗೆ. ಆದರೆ ಜೀವ ಉಳಿಸಲು ಬೇಕಾಗಿದ್ದು ವೆಂಟಿಲೇಟರ್. ಮೈಸೂರಿನ ಸ್ಕ್ಯಾನ್‌ರೇ ಕಂಪನಿ ಹತ್ತಿರ ವಿನ್ಯಾಸ ಇತ್ತು, ಸಾವಿರಗಟ್ಟಲೆ ಮಾಡುವ ಶಕ್ತಿ ಬೆಂಗಳೂರಿನ ಬಿಇಎಲ್‌ಗೆ ಇತ್ತು. ಹೊರದೇಶದಿಂದ ಬರಬೇಕಾಗಿದ್ದ ಸಣ್ಣ ಸಣ್ಣ ವಾಲ್ವ್‌ಗಳು, ಸೆನ್ಸರ್‌ಗಳು ನಿಂತುಹೋದಾಗ ಡಿಆರ್‌ಡಿಒ ಕೈ ಹಾಕಿ ಇಲ್ಲೇ ಮಾಡಿಸಿತು. ಕೇಂದ್ರ ಸರ್ಕಾರ 30,000 ವೆಂಟಿಲೇಟರ್‌ಗೆ ಆರ್ಡರ್ ಕೊಟ್ಟಿತು. ದೇಶದ ಕೆಲವು ಆಸ್ಪತ್ರೆಗಳಲ್ಲಿ ನಡೆಸಲು ಗೊತ್ತಿರುವವರಿಲ್ಲದೆ ವೆಂಟಿಲೇಟರ್‌ಗಳು ಪೆಟ್ಟಿಗೆಯಲ್ಲೇ ಉಳಿದವು ಅನ್ನುವ ಸುದ್ದಿಯನ್ನೂ ನಾವು ಓದಿದೆವು, ಅದನ್ನು ಮರೆಮಾಚಬಾರದು. ಆದರೂ ಬಿಇಎಲ್ ಕೆಲಸ ಶುರುಮಾಡುವ ಹೊತ್ತಿಗೆ ಕೊಳ್ಳುವವರು ಯಾರು, ಎಷ್ಟು ಅನ್ನುವುದು ಕಾಗದದ ಮೇಲಿತ್ತು. ಐಡಿಯಾ ಕೇಳುವುದಕ್ಕೂ ಆರ್ಡರ್ ಕೊಡುವುದಕ್ಕೂ ಇರುವ ಅಂತರ ಇದು.

ಸರಿ, ಈಗ ಡ್ರಾಯಿಂಗ್ ಇಟ್ಟುಕೊಂಡವರು ಏನು ಮಾಡಬೇಕು?

ಮೊದಲನೆಯದು, ನನಗೆ ಕಳಿಸಬೇಡಿ. ಯೂಟ್ಯೂಬ್‌ಗೂ ಹಾಕಬೇಡಿ, ಫ್ಯಾಮಿಲಿ ಗ್ರೂಪಿಗೂ ಬೇಡ. ಒಮ್ಮೆ ಬಹಿರಂಗವಾದರೆ ಅದು ಹೊಸದು ಅನ್ನುವ ಹಕ್ಕೇ ಹೋಗಬಹುದು, ಪೇಟೆಂಟ್ ಸಿಗಲ್ಲ. ಪೂರ್ತಿ ಯಂತ್ರ ಆಗುವವರೆಗೆ ಕಾಯಬೇಕಿಲ್ಲ, ತಾತ್ಕಾಲಿಕ ಅರ್ಜಿ ಅಂತ ಒಂದಿದೆ. ಒಬ್ಬ ವ್ಯಕ್ತಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ, ಕರ್ನಾಟಕದವರಿಗೆ ಚೆನ್ನೈ ಪೇಟೆಂಟ್ ಕಚೇರಿ. ಅಲ್ಲಿಂದ ಪೂರ್ಣ ವಿವರ ಕೊಡಲು ಹನ್ನೆರಡು ತಿಂಗಳು ಸಿಗುತ್ತೆ. ರಕ್ಷಣೆಗೆ ಸಂಬಂಧಿಸಿದ ಆವಿಷ್ಕಾರ ಅನ್ನಿಸಿದರೆ 1970ರ ಪೇಟೆಂಟ್ ಕಾಯ್ದೆಯ 35ನೇ ಕಲಂ ಪ್ರಕಾರ ಅದನ್ನು ಗುಟ್ಟಾಗಿಡಿ ಅಂತ ಆದೇಶ ಬರಬಹುದು. 39ನೇ ಕಲಂ ಇನ್ನೂ ಮುಖ್ಯ. ಭಾರತದಲ್ಲಿ ಅರ್ಜಿ ಹಾಕಿ ಆರು ವಾರ ಆಗದೆ, ಅಥವಾ ಮೊದಲೇ ಅನುಮತಿ ಪಡೆಯದೆ, ಹೊರದೇಶದಲ್ಲಿ ಪೇಟೆಂಟ್‌ಗೆ ಹೋಗುವಂತಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶ ಇದೆ. ಸರ್ಕಾರ ತನ್ನ ಕೆಲಸಕ್ಕೆ ನಿಮ್ಮ ಪೇಟೆಂಟ್ ಬಳಸಿಕೊಳ್ಳಬಹುದು, ಕಾಯ್ದೆಯಲ್ಲೇ ದಾರಿ ಇದೆ. ಹಣದ ಮಾತು ಮುರಿದರೆ ಹೈಕೋರ್ಟ್ ತೀರ್ಮಾನ ಮಾಡುತ್ತೆ. ಹೆಡಿ ಲಮಾರ್ ಥರ ಬರಿಗೈಯಲ್ಲಿ ಹೋಗಬೇಕಿಲ್ಲ, ಕಾಗದ ಸರಿ ಇದ್ದರೆ.

ಎರಡನೆಯದು, ಬಾಗಿಲು ಎಲ್ಲಿದೆ. 2018ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವಾಲಯ ಐಡೆಕ್ಸ್ ಅನ್ನುವ ಯೋಜನೆ ಶುರುಮಾಡಿತು. ಅದನ್ನು ನಡೆಸುವ ಸಂಸ್ಥೆಗೆ ಮೊದಲ ಬಂಡವಾಳ ಹಾಕಿದ್ದು ಎಚ್‌ಎಎಲ್ ಮತ್ತು ಬಿಇಎಲ್, ಎರಡೂ ಬೆಂಗಳೂರಿನವು. ಇಲ್ಲಿ ಸೇನೆಯೇ ತನ್ನ ಸಮಸ್ಯೆಯನ್ನು ಸವಾಲಿನ ರೂಪದಲ್ಲಿ ಪ್ರಕಟಿಸುತ್ತೆ. ಸ್ಟಾರ್ಟಪ್, ಸಣ್ಣ ಕೈಗಾರಿಕೆ, ಒಬ್ಬಂಟಿ ಸಂಶೋಧಕರು ಎಲ್ಲರೂ ಅರ್ಜಿ ಹಾಕಬಹುದು. ಗೆದ್ದರೆ ಖರ್ಚಿನ ಅರ್ಧದವರೆಗೆ, 1.5 ಕೋಟಿ ಮೀರದಂತೆ ನೆರವು, ಕೆಲವು ದೊಡ್ಡ ಸವಾಲುಗಳಿಗೆ 10 ಕೋಟಿವರೆಗೆ. ಸವಾಲಿನ ಪಟ್ಟಿಯಲ್ಲಿ ಇಲ್ಲದ ಐಡಿಯಾಗೂ ಒಂದು ಮುಕ್ತ ವಿಭಾಗ ಇದೆ. ಸೈನಿಕರೇ ತಮ್ಮ ಐಡಿಯಾ ಕೊಡಲು ಬೇರೆ ವಿಭಾಗ ಇದೆ, ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ಒಳ್ಳೆಯದು, ಕಷ್ಟ ಅನುಭವಿಸಿದವನಿಗೇ ಲೆಕ್ಕ ಗೊತ್ತಿರುತ್ತೆ. ಡಿಆರ್‌ಡಿಒ ಅಬ್ದುಲ್ ಕಲಾಂ ಅವರ ನೆನಪಿನಲ್ಲಿ ಡೇರ್ ಟು ಡ್ರೀಮ್ ಅನ್ನುವ ಸ್ಪರ್ಧೆಯನ್ನೂ ನಡೆಸುತ್ತದೆ.

1915ರ ಪೆಟ್ಟಿಗೆಗೆ ಹೋಲಿಸಿದರೆ ಇದು ಬಹಳ ಮುಂದೆ. ಆದರೆ ನನ್ನ ತಕರಾರು ಎರಡು. ನೆರವಿನ ಹಣ ಆರ್ಡರ್ ಅಲ್ಲ. ಮಾದರಿ ಮಾಡಿದ ಮೇಲೆ ಪರೀಕ್ಷೆ, ಮರುಪರೀಕ್ಷೆ, ಫೈಲ್. ಅಷ್ಟರಲ್ಲಿ ಸಣ್ಣ ಕಂಪನಿಯವನು ಮನೆ ಅಡ ಇಟ್ಟಿರುತ್ತಾನೆ. ಡ್ರೋನ್ ತಂತ್ರಜ್ಞಾನ ತಿಂಗಳಿಗೊಮ್ಮೆ ಬದಲಾಗುತ್ತಿದೆ, ನಮ್ಮ ಖರೀದಿ ಪಂಚವಾರ್ಷಿಕ ಯೋಜನೆಯ ಗತಿಯಲ್ಲಿದೆ.

ಎರಡನೇ ತಕರಾರು ಭಾಷೆಯದ್ದು. ಸವಾಲುಗಳ ವಿವರಣೆ ಇಂಗ್ಲಿಷಿನಲ್ಲಿದೆ, ಅದೂ ಇಂಜಿನಿಯರಿಂಗ್ ಓದಿದ ನನಗೇ ಎರಡು ಸಲ ಓದಿದರೆ ಅರ್ಥವಾಗುವ ಇಂಗ್ಲಿಷ್. ಲೇತ್ ಮುಂದೆ ಇಪ್ಪತ್ತು ವರ್ಷ ನಿಂತವನಿಗೆ ಲೋಹದ ಭಾಷೆ ಗೊತ್ತು, ಪ್ರಪೋಸಲ್ ಬರೆಯೋದು ಗೊತ್ತಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರ ಮೈಸೂರಿನಲ್ಲೂ ಇದೆ, ಪ್ರತಿ ಜಿಲ್ಲೆಯಲ್ಲೂ ಇದೆ. ಅಲ್ಲಿ ಒಂದು ಮೇಜು, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಬರೆಯಬಲ್ಲ ಒಬ್ಬ ಇಂಜಿನಿಯರ್, ಪೇಟೆಂಟ್ ಅರ್ಜಿ ತುಂಬಿಸಬಲ್ಲ ಒಬ್ಬ ವಕೀಲರು ವಾರಕ್ಕೆ ಎರಡು ದಿನ. ಬಂದ ಪ್ರತಿ ಡ್ರಾಯಿಂಗ್‌ಗೂ ಮೂವತ್ತು ದಿನದೊಳಗೆ ಆಗುತ್ತೆ ಅಥವಾ ಆಗಲ್ಲ, ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಸಹಿ ಹಾಕಿದ ಉತ್ತರ. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ, ರಾಜ್ಯದ ಕೈಗಾರಿಕಾ ಸಚಿವರು ನಾಳೆ ಬೆಳಿಗ್ಗೆಯೇ ಆದೇಶ ಮಾಡಬಹುದು.